ನೆರಳಿಗೆ ಹಾಕಿದ ಗಾಳಿಪಟ

ಬಿಸಿಲಿಗೆ ಹಾಕಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಜಗತ್ತಿನಲ್ಲಿ ಎಲ್ಲರೂ ಒದ್ದೆ ಬಟ್ಟೆಯನ್ನು ಬಿಸಿಲಿಗೇ ಹಾಕುತ್ತಾರೆ, ಒಣಗಿದ ಮೇಲೆ ಮಡಚಿಡುತ್ತಾರೆ, ಯಾರಿಗೂ ಏನೂ ಆಗುವುದಿಲ್ಲ. ಆದರೆ ಮುಂಡರಗಿಯ ಗಾದಿ ಮಾಶಾಕ ಒಣಗಿಸಬೇಕಾಗಿದ್ದದ್ದು ಗಾಳಿಪಟವನ್ನು. ಕಾರಹುಣ್ಣಿಮೆಗೆ ಹುಡುಗರು ಹಾರಿಸುವ ಕಾಗದದ ಪಟ ಎಂದುಕೊಳ್ಳಬೇಡಿ. ಬಿಚ್ಚಿದರೆ ಓಣಿಯೇ ಮುಚ್ಚುವಷ್ಟು ದೊಡ್ಡ ನೇರಳೆ ಬಣ್ಣದ ಬಟ್ಟೆ ಅದು. ಅದರ ಹುರಿಗಳನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿ, ಕಾಲಿಗೆ ಹಲಗೆ ಹಾಕಿಕೊಂಡು ನಿಂತರೆ ಗಾಳಿ ಮನುಷ್ಯನನ್ನು ನೀರಿನ ಮೇಲೆ ಎಳೆದುಕೊಂಡು ಹೋಗುತ್ತದೆ. ಕೈಟ್‌ಬೋರ್ಡಿಂಗ್ ಎನ್ನುತ್ತಾರೆ. ಮಾಶಾಕನ ಓಣಿಯಲ್ಲಿ ಮಾತ್ರ ಅದಕ್ಕೆ ‘ಮಾಶಾಕನ ಹುಚ್ಚು’ ಎಂದೇ ಹೆಸರು.

ಹಮ್ಮಿಗಿಯ ಬ್ಯಾರೇಜಿನ ಹಿಂದೆ ತುಂಗಭದ್ರೆ ಕೆರೆಯಂತೆ ಹರಡಿ ನಿಂತಿದೆ. ಇನ್ನು ಗಾಳಿಗೇನು ನಮ್ಮಲ್ಲಿ ಬರವಿಲ್ಲ. ಗದಗ ಧಾರವಾಡದಿಂದ ಬೇರೆಯಾಗಿ ಹೊಸ ಜಿಲ್ಲೆಯಾದಾಗ ನಮ್ಮ ಪಾಲಿಗೆ ಬಂದ ಆಸ್ತಿಯಲ್ಲಿ ಗಾಳಿಯೇ ದೊಡ್ಡದು. ನೌಕಾಪಡೆಯಲ್ಲಿ ದುಡಿದು ಊರಿಗೆ ಮರಳಿದ ಹಮ್ಮಿಗಿಯ ಕುಬೇರಪ್ಪ ಈ ನೀರನ್ನೂ ಗಾಳಿಯನ್ನೂ ನೋಡಿ, ದಂಡೆಯ ಮೇಲೆ ತಗಡಿನ ಶೆಡ್ ಹಾಕಿ, ಕಲಿಸಲು ಕೂತ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿಗಳಿಂದ ಕಾಲೇಜಿನ ಹುಡುಗರು ಬಂದರು. ಅವರ ನಡುವೆ ಗಡ್ಡ ನೆರೆಯತೊಡಗಿದ ಮಾಶಾಕನೂ ಬಂದು ನಿಂತ.

ಅವನಿಗೇಕೆ ಇದು ಬೇಕಿತ್ತು ಎಂದು ಓಣಿಯವರೆಲ್ಲ ಕೇಳಿದ್ದಾರೆ. ಅವನು ಹುಟ್ಟಿದಾಗಿನಿಂದ ಅರಳೆ ಹಿಂಜಿ ಗಾದಿ ಹೊಲಿದವನು. ಅವನಪ್ಪನೂ ಅದನ್ನೇ ಮಾಡಿದವನು. ಮಂದಿ ಮೈಚಾಚಿ ಮಲಗಲಿಕ್ಕೆ ಬೇಕಾದದ್ದನ್ನು ಮಾಡುತ್ತ ಮಾಡುತ್ತ ಅವನಿಗೆ ಒಮ್ಮೆಯಾದರೂ ನೆಲ ಬಿಟ್ಟು ಏಳಬೇಕು ಅನ್ನಿಸಿತ್ತು. ಒಂದೇ ಒಂದು ಸಲ ಸಾಕಿತ್ತು. ಇದನ್ನು ಬಾಯಿಬಿಟ್ಟು ಹೇಳಿದರೆ ಮಂದಿ ನಗುತ್ತಾರೆಂದು ಅವನು ವ್ಯಾಯಾಮಕ್ಕೆ ಎಂದು ಹೇಳುತ್ತಿದ್ದ. ಅದಕ್ಕೂ ನಕ್ಕರು.

ಕುಬೇರಪ್ಪನ ಪಾಠದ ಕ್ರಮ ಬೇರೆಯಿತ್ತು. ಮೊದಲು ಸಾಮಾನು ಕಾಯುವುದನ್ನು ಕಲಿಯಬೇಕು, ಆಮೇಲೆ ನೀರು. ಪಟದ ಅಂಚಿನಲ್ಲಿ ಗಾಳಿ ತುಂಬುವ ರಬ್ಬರಿನ ಕೊಳವೆ ಇರುತ್ತದೆ. ಪಂಪು ಹೊಡೆದರೆ ಅದು ಬಿಗಿದು ನಿಂತು, ನೀರಿಗೆ ಬಿದ್ದರೂ ಪಟವನ್ನು ತೇಲಿಸುತ್ತದೆ. ಅದಕ್ಕೆ ಮುಳ್ಳು ತಾಗಬಾರದು, ಮರಳು ಅಂಟಬಾರದು. ಸಂಜೆ ಪಟವನ್ನು ತಿಳಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು, ಬಿಸಿಲು ತಾಗಿದರೆ ಬಟ್ಟೆ ಹಪ್ಪಳದಂತೆ ಮುರಿಯುತ್ತದೆ. ಸಾಮಾನು ಕೆಡಿಸಿದವನಿಗೆ ನೀರೂ ಇಲ್ಲ, ಗುರುವೂ ಇಲ್ಲ. ಸೂಜಿ ಹಿಡಿದ ಕೈಯ ಮಾಶಾಕ ಈ ಪಾಠವನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ ಎಲ್ಲರ ಪಟಗಳನ್ನೂ ಅವನಿಗೇ ಒಪ್ಪಿಸಿದರು. ಹುಡುಗರು ನೀರಿನ ಮೇಲೆ ಹಾರಿ ಬಂದು ಪಟ ಬಿಸಾಡಿ ಮೊಬೈಲು ನೋಡುತ್ತ ಕೂಡುತ್ತಿದ್ದರು, ಇವನು ತೊಳೆಯುತ್ತಿದ್ದ. ಅವನ ಸರದಿ ಬರಬೇಕೆನ್ನುವಷ್ಟರಲ್ಲಿ ಗಾಳಿ ನಿಲ್ಲುತ್ತಿತ್ತು, ಇಲ್ಲವೆ ಇನ್ನೊಬ್ಬ ಬರುತ್ತಿದ್ದ. ಹೀಗೇ ಹಂಗಾಮು ಮುಗಿಯುತ್ತ ಬಂತು. ಕುಬೇರಪ್ಪ ಜೊತೆಯಾಗಿ ತಂದಿದ್ದ ಎರಡು ನೇರಳೆ ಪಟಗಳಲ್ಲಿ ಒಂದು ಬಂಡೆಗೆ ಬಡಿದು ಕೊಳವೆ ಒಡೆದು ಕೆಲಸಕ್ಕೆ ಬಾರದಂತಾಯಿತು. ಇನ್ನೊಂದು ಉಳಿಯಿತು. ಮಾಶಾಕನೂ ನೀರಿಗಿಳಿಯದವನಾಗಿಯೇ ಉಳಿದ.

ಆಷಾಢದ ಆ ಸಂಜೆ ಕುಬೇರಪ್ಪ ತಾನಾಗಿಯೇ ಅವನನ್ನು ಕರೆದ. ಮೇಲಿನಿಂದ ಹೊಳೆಗೆ ನೀರು ಬರುತ್ತಿದೆ, ನಾಳೆ ಸಂಜೆ ಬ್ಯಾರೇಜಿನ ಬಾಗಿಲು ಎತ್ತುತ್ತಾರೆ, ಆಮೇಲೆ ಯಾರನ್ನೂ ನೀರಿಗೆ ಬಿಡುವುದಿಲ್ಲ; ತಾನು ಶೆಡ್ ಕಿತ್ತು ಕಾರವಾರಕ್ಕೆ ಹೋಗುವವನು, ಮರಳಿ ಬರುವ ಮಾತಿಲ್ಲ ಎಂದ. “ನಾಳೆ ಮಧ್ಯಾಹ್ನದ ಗಾಳಿ ನಿಂದು ಮಾಶಾಕ. ಬ್ಯಾರೆ ಯಾರಿಗೂ ಬರಬ್ಯಾಡ ಅಂದೀನಿ. ನೇರಳೆ ಪಟಾ ತೊಳದು ಒಣಗಿಸಿ ತಗೊಂಡು ಬಾ.”

ಮಾಶಾಕ ಆ ಪಟವನ್ನು ಹಸುಗೂಸಿನಂತೆ ಎತ್ತಿಕೊಂಡು ಮನೆಗೆ ಬಂದ. ಅಲ್ಲಿಂದ ಅವನ ಗ್ರಹಚಾರ ಶುರುವಾಯಿತು.

ಮನೆಯ ತುಂಬ ಹಿಂಜಿದ ಅರಳೆ. ಒದ್ದೆ ಪಟವನ್ನು ಒಳಗೆ ಹರಡಿದರೆ ಕುರಿಯಾಗಿ ಹೊರಬರುತ್ತಿತ್ತು. ಹೆಂಡತಿ ಮೋತಿಬಿ ಪಟವನ್ನೂ ಗಂಡನನ್ನೂ ನೋಡಿ, ಈ ವಯಸ್ಸಿನಲ್ಲಿ ಗಂಡಸರು ಮಗಳಿಗೆ ವರ ಹುಡುಕುತ್ತಾರೆ, ತನ್ನ ಗಂಡ ಗಾಳಿ ಹುಡುಕುತ್ತಾನೆ ಎಂದಳು. ಬೇರೆ ದಿನವಾಗಿದ್ದರೆ ಅವನು ಸುಮ್ಮನಿರುತ್ತಿದ್ದ. ಅಂದು ತಡೆಯಲಿಲ್ಲ.

“ಇದನ್ನ ನೀ ಮುಟ್ಟಬ್ಯಾಡ. ಇನ್ನ ಮ್ಯಾಲೆ ಇದರ ಸುದ್ದಿ ನಿನ್ನ ಬಾಯಾಗ ಬಂತಂದ್ರ ನಾ ಈ ಮನ್ಯಾಗ ಉಣ್ಣಂಗಿಲ್ಲ, ನೋಡು.”

ಮೋತಿಬಿ ಬಾಯಿ ಮುಚ್ಚಿದಳು. ಗಂಡ ಮಾತಿಗೆ ಹಟ ಹಿಡಿದರೆ ಖರೆಯೇ ಉಪವಾಸ ಬೀಳುವವನೆಂದು ಅವಳಿಗೆ ಗೊತ್ತಿತ್ತು.

ಪಕ್ಕದ ಮನೆ ಮರಿಯವ್ವನದು. ಉದ್ದನೆಯ ಪಡಸಾಲೆ, ಕಟ್ಟಿಗೆಯ ಕಂಬ, ಹಗಲೆಲ್ಲ ತಣ್ಣಗಿನ ನೆರಳು. ಮರಿಯವ್ವ ತುಂಬ ಮುಪ್ಪಿನವಳು, ಅಷ್ಟೇ ದಪ್ಪನೆಯವಳು. ತಾನು ಸತ್ತ ದಿನ ಹೊರಲಿಕ್ಕೆ ಓಣಿಯ ಗಂಡಸರು ಸಾಲುವುದಿಲ್ಲ, ಪಕ್ಕದ ಓಣಿಯಿಂದ ಕರೆಸಬೇಕು ಎಂದು ತಾನೇ ಹೇಳಿ ತಾನೇ ನಗುತ್ತಿದ್ದಳು. ಗಂಡುಮಕ್ಕಳಿಲ್ಲ. ಗಂಡ ಸತ್ತ ಮಗಳು ನಾಗರತ್ನಾ ಜೊತೆಗಿದ್ದಳು. ಮಾಶಾಕ ಇಡೀ ಹಂಗಾಮು ಪಟಗಳನ್ನು ಒಣಗಿಸಿದ್ದು ಅವಳ ಪಡಸಾಲೆಯಲ್ಲೇ. ಮುದುಕಿ ಆ ನೇರಳೆ ಬಟ್ಟೆಯನ್ನು ದಿನಾ ಸವರಿ ನೋಡುತ್ತಿದ್ದಳು.

“ರೇಷ್ಮಿಗಿಂತ ನುಣ್ಣಗ ಐತಿ ನೋಡಪಾ. ಇಂಥಾದ್ದು ನನಗೂ ಒಂದು ಸಿಗತೈತೇನು?” ಎಂದು ಅವಳು ಕೇಳಿದ್ದುಂಟು.

“ನಿನಗ ಯಾಕಬೇ ಯವ್ವಾ, ಹಾರಾಕೇನು?” ಎಂದು ಮಾಶಾಕ ನಕ್ಕಿದ್ದ. ಬೇಕಿದ್ದರೆ ಹಮ್ಮಿಗಿಯ ಕುಬೇರಪ್ಪ ಸಾಹೇಬರನ್ನು ಕೇಳು, ಹೇಗೂ ಅದು ನಿನ್ನ ತವರೂರು ಎಂದೂ ಚೇಷ್ಟೆ ಮಾಡಿದ್ದ. ಮುದುಕಿ ಮತ್ತೆ ಆ ಮಾತು ಎತ್ತಿರಲಿಲ್ಲ.

ಆ ಸಂಜೆಯೂ ಪಟವನ್ನು ತೊಳೆದು ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಹಾಕಿ ಬಂದ. ಸಂತೋಷಕ್ಕೆ ನಿದ್ದೆ ಹತ್ತಲಿಲ್ಲ. ನಿದ್ದೆ ಹತ್ತಿದ್ದು ಏಳುವ ಹೊತ್ತಿಗೆ.

ಅವನು ಎದ್ದಾಗ ಪಕ್ಕದ ಮನೆಯಿಂದ ಭಜನೆ ಕೇಳುತ್ತಿತ್ತು. ಬೆಳಗಿನ ಜಾವ ಮರಿಯವ್ವ ತೀರಿಕೊಂಡಿದ್ದಳು. ಮೋತಿಬಿ ಅಳು ಕೇಳಿದ ಕೂಡಲೇ ಓಡಿಹೋಗಿ, ಹೆಂಗಸರ ಜೊತೆ ನಿಂತು, ಆಗಲೇ ಮರಳಿ ಬಂದು ಒಲೆಯ ಮುಂದೆ ಕೂತಿದ್ದಳು. ಗಂಡನನ್ನು ನೋಡಿ ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಸೆರಗಿನಿಂದ ಮುಚ್ಚಿಕೊಂಡಳು. ದುಃಖವಿರಬೇಕೆಂದು ಮಾಶಾಕ ಹೊರಗೆ ನಡೆದ. ಅವನಿಗೂ ದುಃಖವಾಗಿತ್ತು. ಸುಳ್ಳೇಕೆ ಹೇಳಬೇಕು, ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ದುಃಖದ ಹಿಂದೆಯೇ ಪಟದ ನೆನಪೂ ಬಂತು.

ಪಡಸಾಲೆಯಲ್ಲಿ ಹಗ್ಗ ಬರಿದಾಗಿತ್ತು.

ಕಟ್ಟೆಯ ಮೇಲೆ ಬಿದಿರಿನ ವಿಮಾನ ಸಿದ್ಧವಾಗಿತ್ತು. ಮರಿಯವ್ವನ ಮಂದಿಯಲ್ಲಿ ಹಿರಿಯರು ಸತ್ತರೆ ಮಲಗಿಸಿ ಒಯ್ಯುವುದಿಲ್ಲ. ಹೀಗೆ ವಿಮಾನ ಕಟ್ಟಿ, ಒಳಗೆ ಕೂಡಿಸಿ, ಮೇಲೆ ಬಟ್ಟೆ ಹೊದಿಸಿ, ಹೂವಿನಿಂದ ಸಿಂಗರಿಸಿ ಹೊರುತ್ತಾರೆ. ಮರಿಯವ್ವ ಹಣೆತುಂಬ ವಿಭೂತಿ ಹಚ್ಚಿಕೊಂಡು ಒಳಗೆ ಕೂತಿದ್ದಳು. ಅವಳ ತಲೆಯ ಮೇಲೆ, ಚೆಂಡುಹೂವಿನ ಮಾಲೆಗಳ ನಡುವೆ, ನೇರಳೆ ಬಣ್ಣದ ಬಟ್ಟೆ ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು.

ಬಿಸಿಲಿಗೆ. ಮಾಶಾಕನ ಎದೆ ಮೊದಲು ಒಡೆದದ್ದು ಅದಕ್ಕೇ.

ಬಂದವರೆಲ್ಲ ಆ ಬಟ್ಟೆಯನ್ನೇ ಹೊಗಳುತ್ತಿದ್ದರು. ಮುದುಕರು ತಮ್ಮ ಕೊನೆಗೆಂದು ಸೀರೆಯನ್ನೋ ಧೋತರವನ್ನೋ ಮೊದಲೇ ತೆಗೆದಿಡುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಆದರೆ ಇಂಥ ಬಟ್ಟೆಯನ್ನು ಯಾರೂ ನೋಡಿರಲಿಲ್ಲ. ಅವ್ವ ತನ್ನ ಸಲುವಾಗಿ ತಾನೇ ತೆಗೆದಿಟ್ಟುಕೊಂಡಿದ್ದಳು ಎಂದು ನಾಗರತ್ನಾ ಬಂದವರಿಗೆಲ್ಲ ಹೇಳಿ ಅಳುತ್ತಿದ್ದಳು. ಪಡಸಾಲೆಯಲ್ಲಿ ಕಂಡದ್ದನ್ನೆಲ್ಲ ತಾಯಿಯದೇ ಎಂದುಕೊಂಡಿದ್ದಾಳೆ, ದುಃಖದಲ್ಲಿ ಆಗುವಂಥದ್ದೇ ಎಂದು ಮಾಶಾಕನಿಗೆ ಅನ್ನಿಸಿತು. ಆ ಕಣ್ಣೀರಿನ ಎದುರು ಹೋಗಿ ಅದು ನನ್ನದು ಎನ್ನುವುದು ಹೇಗೆ?

ಅವನು ದ್ಯಾಮಪ್ಪನನ್ನು ಒಂದು ಮಗ್ಗುಲಿಗೆ ಕರೆದ. ಓಣಿಯಲ್ಲಿ ಯಾರೇ ಸಾಯಲಿ, ಮೇಸ್ತ್ರಿಕೆ ದ್ಯಾಮಪ್ಪನದೇ. ಬದುಕಿದ್ದವರ ಮನೆಗೆ ಅವನು ಹೆಚ್ಚು ಹೋಗುತ್ತಿರಲಿಲ್ಲ, ಕೆಲಸವಿರುತ್ತಿರಲಿಲ್ಲ. ಮಾಶಾಕ ಪಿಸುಮಾತಿನಲ್ಲಿ ಎಲ್ಲ ಹೇಳಿದ. ಮಧ್ಯಾಹ್ನದೊಳಗೆ ಹಮ್ಮಿಗಿಗೆ ಹೋಗಬೇಕು, ಇವತ್ತು ತಪ್ಪಿದರೆ ತನ್ನ ಜನ್ಮದಲ್ಲಿ ಇಲ್ಲ ಎಂದ.

ದ್ಯಾಮಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಹೆಣದ ಮ್ಯಾಲಿನ ಬಟ್ಟಿ ಕೇಳಾಕ ಬಂದಿಯೇನೋ? ನಿನ್ನ ಆಟದ ಸಾಮಾನು ಇದ್ರೂ ಇವತ್ತು ಅದು ಅಕಿದು. ಹೋಗು, ಅಕಿ ಬೆನ್ನಿಗೆ ಕೊಡಾಕ ಎರಡ ದಿಂಬು ತಗೊಂಡು ಬಾ.”

ಮಾಶಾಕ ದಿಂಬು ತಂದುಕೊಟ್ಟ. ಮಣ್ಣಿಗೆ ಇಳಿಸುವ ಮೊದಲು ವಿಮಾನದ ಬಟ್ಟೆಯನ್ನು ಬಿಚ್ಚುತ್ತಾರೆ, ಆಗ ಹೇಗಾದರೂ ತೆಗೆದುಕೊಂಡು ಓಡಿದರಾಯಿತು ಎಂದು ಲೆಕ್ಕ ಹಾಕಿದ. ದಿಂಬು ಒಯ್ಯುವಾಗ ಮೋತಿಬಿ ಹೊಸ್ತಿಲಲ್ಲಿ ಅಡ್ಡ ನಿಂತು, “ಏನ್ರಿ, ಒಂದ ಮಾತು,” ಎಂದಳು. ಈಗ ಬೇಡ ಎಂದು ಅವಳನ್ನು ದಾಟಿ ಹೋದ.

ವಿಮಾನ ಎತ್ತಿದರು. ದ್ಯಾಮಪ್ಪ ಪಕ್ಕದ ಓಣಿಯಿಂದಲೂ ಆಳುಗಳನ್ನು ಕರೆಸಿದ್ದ. ಹೊತ್ತವರು ನಾಲ್ಕು ಹೆಜ್ಜೆಗೇ ಬೆವತರು. ಓಣಿ ದಾಟಿ ಬಯಲಿಗೆ ಬಂದ ಕೂಡಲೇ ಆಷಾಢದ ಗಾಳಿ ನೇರಳೆ ಬಟ್ಟೆಯೊಳಗೆ ಹೊಕ್ಕಿತು. ಬಟ್ಟೆ ಉಬ್ಬಿತು. ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಗಲಿನ ಭಾರ ಅರ್ಧಕ್ಕರ್ಧ ಇಳಿದಿತ್ತು. ಅವ್ವ ಹಗುರಾದಳು, ಪುಣ್ಯವಂತೆ ಎಂದು ಮಾತು ಹರಡಿತು. ನಾಗರತ್ನಾ ಅಳುತ್ತಲೇ ಕೈಮುಗಿದಳು. ಮಾಶಾಕನೊಬ್ಬನಿಗೆ ಮಾತ್ರ ಬಟ್ಟೆಯ ಹೊಲಿಗೆಗಳ ಚಿಂತೆ.

ಸುಡುಗಾಡು ಪಡುವಣಕ್ಕಿತ್ತು, ಗಾಳಿಯೂ ಪಡುವಣದಿಂದಲೇ ಬೀಸುತ್ತಿತ್ತು. ಗಾಳಿ ಇನ್ನಷ್ಟು ಜೋರಾದಾಗ ವಿಮಾನ ನಿಂತಿತು. ಮುಂದಿನವರು ಎಳೆದಾಡಿದರು, ಹಿಂದಿನವರು ನೂಕಿದರು. ಅದು ಒಂದು ಹೆಜ್ಜೆ ಹಿಂದಕ್ಕೆ ಬಂತು, ಮತ್ತೊಂದು ಹೆಜ್ಜೆ ಬಂತು. ಭಜನೆ ನಿಂತಿತು.

“ಮನೀ ಕಡೆ ಜಗ್ಗಾಕತ್ತಾಳ,” ಎಂದ ಹೊತ್ತವರಲ್ಲೊಬ್ಬ, ಸಣ್ಣ ದನಿಯಲ್ಲಿ.

ಅದು ಗಾಳಿ, ಬರೀ ಗಾಳಿ, ವಿಮಾನವನ್ನು ಸ್ವಲ್ಪ ಓರೆ ಮಾಡಿದರೆ ಸಾಕು ಎಂದು ಮಾಶಾಕ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸತ್ತವರ ಮನಸ್ಸಿನಲ್ಲಿ ಏನಾದರೂ ಉಳಿದರೆ ಹೆಣ ಮುಂದೆ ಸಾಗುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ಸಂಗತಿ, ಗಾಳಿಯ ಪಾಠ ಕಲಿತವನು ಇವನೊಬ್ಬ. ಅವಳಿಗೆ ಯಾರಾದರೂ ಏನಾದರೂ ತಪ್ಪು ಮಾಡಿದ್ದರೆ ಈಗಲೇ ಒಪ್ಪಿಕೊಳ್ಳಿ ಎಂದು ದ್ಯಾಮಪ್ಪ ಆಜ್ಞೆ ಮಾಡಿದ. ಕೆಲಹೊತ್ತು ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಆಮೇಲೆ ಚಹಾದಂಗಡಿಯ ಯಮನೂರಸಾಬ ಮುಂದೆ ಬಂದು, ಕಳೆದ ಬೇಸಿಗೆಯಲ್ಲಿ ಕಾಣೆಯಾದ ಮರಿಯವ್ವನ ಹುಂಜ ಬೆಕ್ಕಿನ ಪಾಲಾಗಲಿಲ್ಲ, ತನ್ನ ಪಾಲಾಯಿತು ಎಂದ. ಗಾಳಿ ಒಂದು ಗಳಿಗೆ ತಗ್ಗಿತು. ವಿಮಾನ ಹತ್ತು ಮಾರು ಮುಂದೆ ಹೋಯಿತು. ಜನರಿಗೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಮತ್ತೆ ಗಾಳಿ ಬಂತು, ಮತ್ತೆ ನಿಂತಿತು. ಒಬ್ಬ ಅವಳಿಂದ ಒಯ್ದು ಮರಳಿಸದ ರೊಟ್ಟಿಯ ಹಂಚಿನ ಮಾತು ಹೇಳಿದ, ಇನ್ನೊಬ್ಬ ಅವಳ ಬಗ್ಗೆ ಆಡಿದ ಚಾಡಿ ಹೇಳಿದ. ಕೊನೆಗೆ ವಿಮಾನ ನೆಟ್ಟಗೆ ದ್ಯಾಮಪ್ಪನ ಮೈಮೇಲೆಯೇ ವಾಲಿತು. ಅವನ ಮುಖ ಬಿಳುಚಿತು. ಹಿತ್ತಲ ಗೋಡೆಯನ್ನು ಮರಿಯವ್ವನ ಜಾಗದೊಳಗೆ ಸರಿಸಿ ಕಟ್ಟಿದ್ದು ಹೌದು, ಕೆಡವುತ್ತೇನೆ ಎಂದು ಓಣಿಯವರೆದುರು ಆಣೆ ಮಾಡಿದ. ಅವನ ಜನ್ಮದಲ್ಲಿ ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಸೂರ್ಯ ನೆತ್ತಿಗೆ ಬರುತ್ತಿದ್ದ. ಹಮ್ಮಿಗಿಯ ನೀರಿನ ಮೇಲೆ ಇದೇ ಗಾಳಿ ಸುಮ್ಮನೆ ಪೋಲಾಗುತ್ತಿದೆ ಎಂದುಕೊಂಡು ಮಾಶಾಕ ಮತ್ತೆ ಮತ್ತೆ ಸೂರ್ಯನನ್ನು ನೋಡಿದ. ಅಷ್ಟರಲ್ಲಿ ಬಟ್ಟೆಯ ಒಂದು ಮೂಲೆ ಬಿಚ್ಚಿಕೊಂಡು ಪಟಪಟ ಹೊಡೆದುಕೊಳ್ಳತೊಡಗಿತು. ಗಾಳಿಯಲ್ಲಿ ಪಟ ಸಡಿಲಾಗಿ ಹೊಡೆದುಕೊಂಡರೆ ಹರಿಯುತ್ತದೆ ಎಂಬುದು ಕುಬೇರಪ್ಪನ ಮೊದಲ ಪಾಠ. ಮಾಶಾಕ ಯೋಚನೆ ಮಾಡಲಿಲ್ಲ. ಜಿಗಿದು ಆ ಮೂಲೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

ಆಗ ಬಂದ ಗಾಳಿ ಆ ದಿನದ ದೊಡ್ಡ ಗಾಳಿ. ಕಟ್ಟಿದ ದಾರಗಳೆಲ್ಲ ಹರಿದು, ನೇರಳೆ ಬಟ್ಟೆ ವಿಮಾನವನ್ನು ಬಿಟ್ಟೆದ್ದಿತು, ಮಾಶಾಕನ ಸಮೇತ. ಅವನ ಕಾಲು ಖರೆಯೇ ನೆಲ ಬಿಟ್ಟಿತು. ಎಷ್ಟು ಹೊತ್ತು ಎಂದು ಯಾರಾದರೂ ಕೇಳಿದರೆ ಒಂದು ಉಸಿರಿನಷ್ಟು ಎನ್ನಬೇಕು. ಆ ಒಂದು ಉಸಿರಿನಲ್ಲಿ, ಹೇಳಲು ನಾಚಿಕೆಯಾಗಬೇಕು, ಅವನಿಗೆ ಸುಖವಾಯಿತು. ಮರಿಯವ್ವನ ಚೆಂಡುಹೂವುಗಳು ಸುತ್ತಲೂ ಹಾರುತ್ತಿದ್ದವು. ಆಮೇಲೆ ಜಾಲಿಯ ಪೊದೆ ಬಂತು.

ಮುಳ್ಳಿನಿಂದ ಎದ್ದು ನಿಂತಾಗ ಅವನ ಅಂಗಿ ಎರಡು ಕಡೆ ಹರಿದು, ಮುಖದಲ್ಲಿ ರಕ್ತ ಇಳಿಯುತ್ತಿತ್ತು. ಎದುರಿಗೆ ಇಡೀ ಓಣಿ ನಿಂತಿತ್ತು. ವಿಮಾನದಲ್ಲಿ ಮರಿಯವ್ವ ಸುಡುಬಿಸಿಲಿನಲ್ಲಿ ಬರಿತಲೆಯಲ್ಲಿ ಕೂತಿದ್ದಳು.

“ಹೆಣದ ಮೈಮ್ಯಾಲಿಂದು ಕಿತಗೊಂಡು ಓಡ್ತಾನ,” ಎಂದ ದ್ಯಾಮಪ್ಪ. ಗೋಡೆಯ ಮಾತು ಮರೆಸಲಿಕ್ಕೆ ಅವನಿಗೂ ಒಂದು ಆಸರೆ ಬೇಕಾಗಿತ್ತು.

ಮಾಶಾಕ ಅಷ್ಟು ಮಂದಿಯೆದುರು ಹೇಳಿಬಿಟ್ಟ. “ಇದು ನಂದು. ಪಡಸಾಲ್ಯಾಗ ಒಣಗಿಸಾಕ ಹಾಕಿದ್ದೆ. ಖರೆ ಹೇಳ್ತೀನಿ, ಇದು ನನ್ನ ಪಟಾ.”

ಎಲ್ಲರೂ ನಾಗರತ್ನಾಳ ಕಡೆ ನೋಡಿದರು. ಅವಳು ಜಗಳ ಮಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಅವನ ಮುಖದ ರಕ್ತ ನೋಡಿದಳು, ಬಟ್ಟೆ ನೋಡಿದಳು, ಏನೋ ಹೇಳಲು ಹೋಗಿ ಬಿಟ್ಟಳು. ಮೈಮೇಲೆ ಹೊದ್ದಿದ್ದ ಹಳೆಯ ಶಾಲು ತೆಗೆದು ತಾಯಿಯ ತಲೆಯ ಮೇಲೆ ಹಾಕಿದಳು.

“ತಗೊಂಡ್ಹೋಗ್ರಿ ಮಾಶಾಕಣ್ಣ. ಅವ್ವನ ಮುಂದ ಜಗಳಾ ಬ್ಯಾಡ.”

ಅವನು ಬಟ್ಟೆಯನ್ನು ನೋಡದೆಯೇ ಮುದ್ದೆಮಾಡಿ ಸುತ್ತಿ ಬಗಲಿಗೆ ಹಾಕಿಕೊಂಡು ಹೊರಟ. ಹಿಂದೆ ವಿಮಾನ ಸಾಗಿತು. ಮೊದಲಿನಂತೆ ಭಾರವಾಗಿ, ಹೊತ್ತವರು ಹೆಜ್ಜೆಗೊಮ್ಮೆ ಹೆಗಲು ಬದಲಿಸುತ್ತ.

ಮನೆಯಲ್ಲಿ ಪಂಪಿನ ಚೀಲ ತೆಗೆದುಕೊಳ್ಳಲು ಹೋದಾಗ ಮೋತಿಬಿ ಅವನ ಬಗಲನ್ನು ನೋಡಿ ಎದ್ದು ನಿಂತಳು. ಅವಳ ಕಣ್ಣುಗಳು ದೊಡ್ಡವಾದವು. “ಏನ್ರಿ, ಅದು—”

“ಒಂದ ಮಾತ ಆಡಬ್ಯಾಡ,” ಎಂದು ಮಾಶಾಕ ಚೀಲ ಕಿತ್ತುಕೊಂಡು ಹೋದ.

ಹಮ್ಮಿಗಿಗೆ ಹೋಗುವ ಟಂಟಂ ಆಟೋದಲ್ಲಿ ಅವನ ಪಕ್ಕ ಯಾರೂ ಕೂಡಲಿಲ್ಲ. ಅವನು ಊದಿನಕಡ್ಡಿ, ವಿಭೂತಿ ಮತ್ತು ಚೆಂಡುಹೂವು ವಾಸನೆ ಹೊಡೆಯುತ್ತಿದ್ದ. ಪಟ ಯಾವತ್ತಿಗಿಂತ ಹಗುರ ಅನ್ನಿಸಿತು. ಚೆನ್ನಾಗಿ ಒಣಗಿದ್ದಕ್ಕಿರಬೇಕು ಎಂದುಕೊಂಡ. ನಾಗರತ್ನಾಳ ಮುಖ ಕಣ್ಣೆದುರು ಬಂದಾಗಲೆಲ್ಲ ನೀರನ್ನು ನೆನೆಸಿಕೊಂಡ. ಇಷ್ಟು ಮಾನ ಹೋದ ಮೇಲೆ ಅದಾದರೂ ಸಿಗಬೇಕಲ್ಲ.

ಹಮ್ಮಿಗಿಯಲ್ಲಿ ಗಾಳಿ ಇನ್ನೂ ಇತ್ತು. ಹೊತ್ತು ಇಳಿದಿದ್ದರೂ ಕುಬೇರಪ್ಪ ದಂಡೆಯ ಮೇಲೆ ಕಾಯುತ್ತ ನಿಂತಿದ್ದ. ಶೆಡ್ಡಿನ ತಗಡು ಆಗಲೇ ಲಾರಿಗೆ ಏರಿತ್ತು. ಬಾಗಿಲು ಎತ್ತುವ ಮುನ್ನ ಸೈರನ್ ಊದುತ್ತಾರೆ, ಅದರೊಳಗೆ ಒಂದು ಸುತ್ತು ಹೋಗಿ ಬರಬಹುದು, ಜಲ್ದಿ ಪಂಪು ಹೊಡೆ ಎಂದ. ಮಾಶಾಕ ಹಲಗೆ ನೋಡಿದ, ನೀರು ನೋಡಿದ. ಬಟ್ಟೆ ಬಿಚ್ಚಿ ಮರಳಿನ ಮೇಲೆ ಹರಡಿ, ಪಂಪಿನ ನಳಿಗೆ ಹಿಡಿದು ಅಂಚಿನುದ್ದಕ್ಕೂ ಬಾಯಿ ಹುಡುಕಿದ. ಸಿಗಲಿಲ್ಲ. ಈ ಕಡೆಯಿಂದ ಆ ಕಡೆಗೆ ಮತ್ತೆ ಹುಡುಕಿದ. ಅಂಚಿನೊಳಗೆ ಕೊಳವೆಯೇ ಇರಲಿಲ್ಲ.

ಕುಬೇರಪ್ಪ ಬಾಗಿ ಬಟ್ಟೆಯನ್ನು ಮುಟ್ಟಿ ನೋಡಿದ. “ಇದು ನಿನ್ನ ಕೈಯಾಗ ಹೆಂಗ ಬಂತು? ಇದು ಬಂಡೆಗಲ್ಲಿಗೆ ಬಡದು ಒಡದಿತ್ತಲ್ಲ, ಆ ಪಟಾ. ಕೊಳವಿ ಬಿಚ್ಚಿ ಮರಿಯವ್ವಗ ನಾನ ಕೊಟ್ಟಿದ್ದೆ.”

ಮಾಶಾಕ ಮರಳಿನ ಮೇಲೆ ಕೂತುಬಿಟ್ಟ.

ಕುಬೇರಪ್ಪ ಹೇಳಿದ್ದು ಇಷ್ಟು. ತಿಂಗಳೊಪ್ಪತ್ತಿನ ಹಿಂದೆ ಮರಿಯವ್ವ ತವರಿಗೆಂದು ಹಮ್ಮಿಗಿಗೆ ಬಂದವಳು ದಂಡೆಗೆ ಬಂದು ಕೂತಿದ್ದಳು. ಪಟ ಹುಡುಗರನ್ನು ಎತ್ತುವುದನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಆ ಹರಕು ಪಟವನ್ನು ಕೇಳಿದಳು. ಯಾಕೆಂದು ಕೇಳಿದ್ದಕ್ಕೆ, ಯಾರಿಗೂ ಹೇಳಬೇಡ, ಮಾಶಾಕ ನಗುತ್ತಾನೆ ಎಂದು ಆಣೆ ಹಾಕಿಸಿಕೊಂಡು ಹೇಳಿದಳು. “‘ಹೊರಾಕ ನನಗ ಮಗಾ ಇಲ್ಲ. ಹೊರೂದೆಲ್ಲಾ ಮಂದೀನ. ಇದನ್ನ ಮ್ಯಾಲೆ ಕಟ್ಟಿದ್ರ ಗಾಳಿ ಸ್ವಲ್ಪ ಎತ್ತತೈತಿ, ಅವರ ಹೆಗಲಿಗೆ ಭಾರ ಆಗೂದಿಲ್ಲ,’ ಅಂದ್ಲು. ಯಾಕ, ತೀರಿಕೊಂಡ್ಲೇನು?”

ಮಾಶಾಕ ಹೌದೆಂದು ತಲೆಯಾಡಿಸಿದ. ಭಾರವಿಳಿದು ಒಬ್ಬರ ಮುಖ ಒಬ್ಬರು ನೋಡಿಕೊಂಡ ಆ ಆಳುಗಳು ಅವನ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿದ್ದರು. ಮುದುಕಿ ಕೇಳಿಕೊಂಡದ್ದು ಅವಳಿಗೆ ಸಿಕ್ಕಿತ್ತು, ಇವನು ಜಿಗಿದು ಮೂಲೆ ಹಿಡಿಯುವವರೆಗೆ.

“ಹಂಗಾರ ನಮ್ಮ ಪಟಾ ಎಲ್ಲೈತಿ?” ಎಂದು ಕುಬೇರಪ್ಪ ಕೇಳಿದ.

ಮಾಶಾಕ ಮನೆಗೆ ಫೋನು ಹಚ್ಚಿದ. ಮೋತಿಬಿ ಎತ್ತಿದಳು. ಪಟ ಎಲ್ಲಿ ಎಂದ.

“ನಾ ಹೇಳಿದ್ರ ನೀವು ಉಣ್ಣೂದು ಬಿಡ್ತೀರಿ,” ಎಂದಳು.

“ಹೇಳು.”

“ಮನ್ಯಾಗ ಐತ್ರಿ. ಮುಂಜಾನಿ ಅವ್ವನ ಮೈ ತೊಳ್ಯಾಕ ಪಡಸಾಲ್ಯಾಗ ನೀರು ಹಾಕಾಕತ್ತಿದ್ರು. ತೊಯ್ತೈತಿ ಅಂತ ತೆಗದು, ಸುತ್ತಿ, ಹೊಸಾ ಗಾದಿ ಚೀಲದಾಗ ಇಟ್ಟೀನಿ. ಮುಟ್ಟಿದ್ದಕ್ಕ ಬೈಬ್ಯಾಡ್ರಿ. ಮೂರ ಸರ್ತಿ ಹೇಳಾಕ ಬಂದೆ.”

ಅವಳು ಇನ್ನೂ ಏನೋ ಹೇಳುತ್ತಿದ್ದಳು. ಬ್ಯಾರೇಜಿನ ಸೈರನ್ ಊದಿತು, ಮುಂದಿನದು ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ನೀರು ಬಣ್ಣ ತಿರುಗಿ ಸರಿಯತೊಡಗಿತು. ಕುಬೇರಪ್ಪ ಹಲಗೆಯನ್ನು ಲಾರಿಗೆ ಹಾಕಿದ. ಬೆಳಿಗ್ಗೆ ಹೋಗುವಾಗ ಮುಂಡರಗಿಯಲ್ಲಿ ಪಟ ತೆಗೆದುಕೊಳ್ಳುತ್ತೇನೆ ಎಂದ. ಹೋಗುವ ಮುನ್ನ ಅವನ ಹೆಗಲ ಮೇಲೆ ಕೈಯಿಟ್ಟು, ಸಾಮಾನು ಕಾಯುವುದರಲ್ಲಿ ನಿನ್ನಂಥ ಶಿಷ್ಯ ಸಿಗಲಿಲ್ಲ, ನೋಡು, ಪಟ ನೆರಳಿನಲ್ಲಿ ಒಣಗಿ, ಸುತ್ತಿ, ಚೀಲದಲ್ಲಿದೆ, ಒಂದು ಗೆರೆ ಗಾಯವಿಲ್ಲ ಎಂದ. ಅವನು ಅದನ್ನು ಖರೆಯೇ ಹೊಗಳಿಕೆ ಎಂದು ಹೇಳಿದ್ದ.

ಮಾಶಾಕ ಮುಂಡರಗಿಗೆ ಮರಳಿದಾಗ ಹೊತ್ತು ಮುಳುಗುತ್ತಿತ್ತು. ದಾರಿಯಲ್ಲಿ ಬಟ್ಟೆಯಿಂದ ಒಂದೊಂದೇ ಮುಳ್ಳು ಕಿತ್ತು, ಮರಳು ಕೊಡವಿ, ನೀಟಾಗಿ ಸುತ್ತಿದ್ದ. ನೇರ ನಾಗರತ್ನಾಳ ಬಾಗಿಲಿಗೆ ಹೋದ. ಮಣ್ಣು ಮುಗಿಸಿ ಬಂದವರು ಕಟ್ಟೆಯ ಮೇಲೆ ಕೂತಿದ್ದರು. ಅವನು ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

“ತಪ್ಪಾತು ನಾಗರತ್ನಾ. ಇದು ಅವ್ವಂದ. ನನಗ ಗೊತ್ತಿದ್ದಿಲ್ಲ.”

“ನನಗ ಗೊತ್ತಿತ್ತಣ್ಣ,” ಎಂದಳು ಅವಳು. ತಾಯಿಯ ಟ್ರಂಕಿನಿಂದ ತಾನೇ ತೆಗೆದು ಕಟ್ಟಿಸಿದ್ದಳಂತೆ. ಅಷ್ಟು ಮಂದಿಯೆದುರು ರಕ್ತ ಸುರಿಸಿಕೊಂಡು ನನ್ನದು ನನ್ನದು ಎನ್ನುವವನನ್ನು ಸುಳ್ಳುಗಾರನೆಂದು ಹೇಗೆ ಅನ್ನಲಿ ಎಂದುಕೊಂಡು ಬಿಟ್ಟಿದ್ದಳಂತೆ. ಅವಳು ಕೈ ಮುಂದೆ ಮಾಡಲಿಲ್ಲ. “ಹೆಣದ ಮ್ಯಾಲೆ ಹ್ವಾದ ಬಟ್ಟಿ ತಿರಗಿ ಮನಿಗೆ ಬರಬಾರದು. ನೀವ ಇಟಗೋರಿ.”

ಇಟ್ಟುಕೊಳ್ಳುವುದೆಲ್ಲಿ? ಅವನು ತನ್ನ ಮನೆಯ ಹೊಸ್ತಿಲಿಗೆ ಬಂದ. ಮೋತಿಬಿ ದೀಪ ಹಿಡಿದು ಬಾಗಿಲಲ್ಲಿ ಅಡ್ಡ ನಿಂತಿದ್ದಳು. ಒಳಗೆ ಗಾದಿ ಚೀಲದಲ್ಲಿ ಹಾರಬಲ್ಲ ಪಟ ಬೆಳಗಾಗುವುದನ್ನೇ ಕಾಯುತ್ತಿತ್ತು, ಹೊರಗೆ ಹಾರಲಾರದ್ದು ಅವನ ತೋಳಿನಲ್ಲಿತ್ತು. ಅವಳು ಎರಡನ್ನೂ ಬಲ್ಲವಳಂತೆ ಗಂಡನನ್ನು ನೋಡಿದಳು.

“ಪಟದ ಸುದ್ದಿ ನನ್ನ ಬಾಯಾಗ ಬಂತು, ಇನ್ನ ಒಳಗ ನೀವು ಉಣ್ಣಂಗಿಲ್ಲ. ಆ ಹೆಣದ ಬಟ್ಟಿ ಒಳಗ ಬಂದ್ರ ನಾ ಇರಂಗಿಲ್ಲ. ಅಲ್ಲೇ ಕುಂಡ್ರಿ, ರೊಟ್ಟಿ ಹೊರಗ ತರ್ತೀನಿ.”

ಅವನು ಎರಡು ಮನೆಗಳ ನಡುವಿನ ಕಲ್ಲಿನ ಮೇಲೆ ಕೂತ. ಅವಳು ರೊಟ್ಟಿ, ಪಲ್ಯ ತಂದಿಟ್ಟು ಒಳಗೆ ಹೋದಳು. ಗಾಳಿ ಮತ್ತೆ ಎದ್ದು ನೇರಳೆ ಬಟ್ಟೆಯ ತುದಿಯನ್ನು ಜಗ್ಗತೊಡಗಿತು. ಮಾಶಾಕ ಅದನ್ನು ಮೊಳಕಾಲ ಕೆಳಗೆ ಒತ್ತಿ ಹಿಡಿದು ರೊಟ್ಟಿ ಮುರಿದ.